ಮಹಡಿಯ ಕೋಣೆಯಿಂದ ಕಂಡ ಕಾಲೇಜು

ಓಡಿಬಂದ ಹುಡುಗಿಯ ಒಂದು ಚಪ್ಪಲಿ ಕಾರಿಡಾರಿನಲ್ಲೇ ಉಳಿಯಿತು, ಅವಳು ಮಾತ್ರ ಕುಂಟುತ್ತ ತರಗತಿಯೊಳಗೆ ನುಗ್ಗಿಬಿಟ್ಟಳು, ನೋಡು, ಇದೇ ಈ ಕಾಲೇಜು, ಬೆಂಚಿನ ಮೇಲೆ ಕುಳಿತ ಮೇಷ್ಟ್ರು ಮನಸ್ಸಿನಲ್ಲೇ ಒಂದು ಅಂಕ ಕಳೆದರು — ನಿವೃತ್ತರಾದರೂ ಆ ಚಟ ಬಿಟ್ಟಿಲ್ಲ — ಮೊಮ್ಮಗಳು ಎದುರಿನ ಕೋಣೆಯಲ್ಲಿ ಪ್ರಿನ್ಸಿಪಾಲರ ಜೊತೆ ಮಾತಾಡುತ್ತಿದ್ದಾಳೆ, ಹೊರಗೆ ಬಂದವಳೇ ಮತ್ತೆ ಕೇಳುತ್ತಾಳೆ, ಬೆಳಗಿನಿಂದ ಅದೇ ಪ್ರಶ್ನೆ, ತಾತ, ಸೇರಲಾ ಬೇಡವಾ, ನೀವು ಬೇಡ ಅಂದ್ರೆ ಇಲ್ಲ, ಆದ್ರೆ ಮುಖ ಊದಿಸ್ಕೊಂಡು ಹೂಂ ಅನ್ನಬೇಡಿ, ಅಜ್ಜಿ ಇದ್ದಿದ್ರೆ ಹಾಗೆ ಬಿಡ್ತಿರ್ಲಿಲ್ಲ. ಇದ್ದಿದ್ದರೆ. ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇದೆ, ಈ ಕಾಲೇಜನ್ನು ಅವರಿಗಿಂತ ಬಲ್ಲವರು ಯಾರು, ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರೆಲ್ಲ ಇಲ್ಲಿಯವರೇ, ಡ್ರಮ್ ಬಾರಿಸುವ ಢಮಾರ್, ಇವರು ಬೆಳಗಿನ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು ಅವನದು ಶುರು, ಆಮೇಲೆ ಕಪ್ಪೆರಾಯ, ಪ್ರಾಣಿಶಾಸ್ತ್ರದವನು, ಅವನ ಬಕೆಟ್ಟಿನಿಂದ ಹಾರಿದ್ದೊಂದು ಇವರ ಬೂಟಿನಲ್ಲಿ ಸಂಸಾರ ಹೂಡಿತ್ತು, ಮತ್ತೊಬ್ಬ ನಿದ್ದೆಯಲ್ಲಿ ನಡೆಯುವವನು, ಅಡುಗೆಮನೆಗೆ ಇಳಿದುಬಂದು ಗೋಡೆಗೆ ನಮಸ್ಕಾರ ಸಾರ್ ಎಂದವನು — ಲೇ, ಆ ಢಮಾರನಿಗೆ ಸ್ವಲ್ಪ ಹೇಳೇ, ದೇವರ ಜೊತೆ ಮಾತಾಡ್ತಿದ್ದೀನಿ ಅಂತ, ಹೆಂಡತಿ ಒಳಗಿನಿಂದಲೇ, ಮಾತಾಡಿ, ಬೇಡ ಅಂದೋರ್ಯಾರು, ದೇವರೇನು ಕಿವುಡನೇ, ನಿಮ್ಮದೂ ಕೇಳ್ಸತ್ತೆ ಅವನದೂ ಕೇಳ್ಸತ್ತೆ, ಅವನದು ತಾಳದಲ್ಲಾದ್ರೂ ಇದೆ.

ಈಗ ಮಹಡಿ ಖಾಲಿ, ಪ್ರಾರ್ಥನೆಗೆ ಯಾವ ಅಡ್ಡಿಯೂ ಇಲ್ಲ, ಆದರೂ ಮಾತು ಮುಂದುವರಿಯುವುದಿಲ್ಲ, ದೇವರೂ ಸದ್ದಿಗಾಗಿ ಕಾಯುತ್ತಿರುವ ಹಾಗೆ — ಮೇಷ್ಟ್ರೇ, ನೀವಾ, ಯಾರೋ ಪಕ್ಕದಲ್ಲೇ ಕುಳಿತರು, ಹಾಸ್ಟೆಲಿನ ವಾರ್ಡನ್, ಗಟ್ಟಿ ದನಿಯ ದಪ್ಪ ಹೆಂಗಸು, ನಿಮ್ಮನೆ ಅಮ್ಮ ಹೋದ್ರಂತೆ, ಕೇಳಿ ಹೊಟ್ಟೆ ಉರಿದುಹೋಯ್ತು, ಇನ್ನು ಈ ತರಲೆಗಳನ್ನ ನಾನು ಎಲ್ಲಿಗೆ ಕಳಿಸ್ಲಿ ಹೇಳಿ. ಯಾವ ತರಲೆಗಳು. ಅಯ್ಯೋ, ಪ್ರತಿ ವರ್ಷ ಬಂದು ಕೇಳ್ತಿದ್ರಲ್ಲ, ನಿಮ್ಮ ಕೈಲಿ ಸಂಭಾಳಿಸೋಕೆ ಆಗದೋರು ಯಾರಿದ್ದಾರಮ್ಮ, ಬೀದೀಲಿ ಯಾರೂ ಮನೆ ಕೊಡದೋರು, ಅವರನ್ನ ನನಗೆ ಕೊಡಿ, ಒಳ್ಳೆ ಮಕ್ಕಳನ್ನ ಯಾರಾದ್ರೂ ಇಟ್ಕೋತಾರೆ ಅಂತ, ಆ ಡ್ರಮ್ಮಿನವನನ್ನ ಕಳಿಸಿದ ದಿನ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಚಪ್ಪಾಳೆ ತಟ್ಟಿತ್ತು, ನಿಮಗೆ ಗೊತ್ತಿರ್ಲಿಲ್ವಾ. ಇರಲಿಲ್ಲ, ಮೊದಲು ಬಂದವರಿಗೆ ಕೊಟ್ಟೆ ಕಣ್ರೀ ಎನ್ನುತ್ತಿದ್ದಳು ಕಳ್ಳಿ, ಎಷ್ಟು ತಣ್ಣಗೆ ಎನ್ನುತ್ತಿದ್ದಳು, ಹಾಗಾದರೆ ಆ ಮೆಟ್ಟಿಲು ಇಳಿದು ಬಂದದ್ದು ಕಾಲೇಜಲ್ಲ, ಇಡೀ ಕಾಲೇಜನ್ನು ಜರಡಿ ಹಿಡಿದು ಯಾರಿಗೂ ಬೇಡದ್ದನ್ನು ಇವಳು ಆರಿಸಿ ತಂದದ್ದು, ಇಷ್ಟು ವರ್ಷ ಮೇಷ್ಟ್ರು ಹೆಂಡತಿಯ ಉತ್ತರಪತ್ರಿಕೆ ತಿದ್ದಿ ಕಾಲೇಜಿಗೆ ಅಂಕ ಕೊಟ್ಟಿದ್ದಾರೆ — ನಗು ಉಕ್ಕಿಬಂತು, ತಡೆಯಲಾಗಲಿಲ್ಲ, ವಾರ್ಡನ್ನೂ ನಕ್ಕಳು, ಕಣ್ಣೊರೆಸಿಕೊಂಡಳು, ಹೆಂಡತಿ ಹೋದ ದಿನ ಢಮಾರ್ ಬಂದು ಮೆಟ್ಟಿಲ ಕೆಳಗೆ ಕುಳಿತಿದ್ದ, ಸಂಜೆಯವರೆಗೂ ಬೆರಳು ಆಡಿಸಲಿಲ್ಲ, ಬೀಗದ ಕೈ ಮರೆಯುವುದರಲ್ಲಿ ಮಹಡಿಯವರೆಲ್ಲ ಒಂದೇ, ಮೇಲೆ ಬಾಗಿಲ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದರು, ಅಮ್ಮಾ ಎಂದು ಕೂಗುತ್ತಿದ್ದರು, ಇವಳು ಒದ್ದೆ ಕೈಯಲ್ಲೇ ಅಂಗಳಕ್ಕೆ ಓಡಿ ಇನ್ನೊಂದು ಬೀಗದ ಕೈಯನ್ನು ಮೇಲಕ್ಕೆ ಎಸೆಯುತ್ತಿದ್ದಳು, ಹಿಡೀರೋ, ಮೇಷ್ಟ್ರು ಗೊಣಗುತ್ತಿದ್ದರು, ಬೀಗದ ಕೈ ನೆನಪಿಡಲಾರದವರು ಪಾಠ ನೆನಪಿಡ್ತಾರೇನೇ, ಅವಳು, ಪಾಠ ಅವರು ನೋಡ್ಕೋತಾರೆ, ಬೀಗದ ಕೈ ನಾನು ನೋಡ್ಕೋತೀನಿ, ಬಿಡಿ.

ಬಾಗಿಲು ತೆರೆಯಿತು, ಮೊಮ್ಮಗಳು, ಅಜ್ಜಿಯದೇ ಗಲ್ಲ, ತಾತ, ಹೇಳಿ. ಸೇರು. ನಿಜವಾಗ್ಲೂ? ಈ ಕಾಲೇಜಿನ ಬಗ್ಗೆ ನನಗೇನೂ ಗೊತ್ತಿಲ್ಲಮ್ಮ, ನೀನೇ ಸೇರಿ ನೋಡು. ಮತ್ತೆ ಇಷ್ಟು ವರ್ಷ ಬೈದಿದ್ದು? ಅದು ನಿಮ್ಮಜ್ಜಿಯನ್ನ. ಹುಡುಗಿಗೆ ಅರ್ಥವಾಗದೆ ನಗುತ್ತಾಳೆ, ವಾರ್ಡನ್ ನಗುತ್ತಾಳೆ, ಈ ವರ್ಷವೂ ಯಾರೋ ಒಬ್ಬ ಇರಬೇಕಲ್ಲ, ಎಲ್ಲರೂ ಬೇಡವೆಂದವನು, ಯಾರವನು, ಮಹಡಿ ಖಾಲಿ ಇದೆ, ವಾರ್ಡನ್ನನ್ನು ಕೇಳಬೇಕು, ಈಗಲೇ ಕೇಳಬೇಕು, ಬಾಯಿ ತೆರೆಯುತ್ತಾರೆ — ಕಣ್ಣ ಮುಂದೆ ಮನೆಯ ಅಂಗಳ, ಹೆಂಡತಿ ಕತ್ತೆತ್ತಿ ನಿಂತಿದ್ದಾಳೆ, ಹಿಡೀರೋ, ಬೀಗದ ಕೈ ಅವಳ ಕೈಬಿಟ್ಟು ಏರುತ್ತದೆ, ಬಿಸಿಲಿನಲ್ಲಿ ತಿರುಗುತ್ತದೆ, ತಿರುಗುತ್ತ ಅಲ್ಲೇ, ಬೀಳದೆ, ಬೀಗದ ಕೈ