ಹೊಟ್ಟೆ, ಕುಂಡಿ, ಕಾಲು

ಕಡಲ ದಂಡೆಯ ಪೋರ್ಥ್ ಹೆಲಿಗ್ ಊರಿನಲ್ಲಿ ಯಾರು ಸತ್ತರೂ ಮೊದಲ ಫೋನು ಹೋಗುತ್ತಿದ್ದುದು ಮೈರಿಗ್ ಪ್ರಿಚರ್ಡ್‌ನ ಮನೆಗೆ. ಪೆಟ್ಟಿಗೆ, ಹೂವು, ಕರಿ ಕಾರು, ಗುಂಡಿ ತೋಡುವವರು, ಎಲ್ಲ ಅವನದೇ ಏರ್ಪಾಡು. ಅಪ್ಪ ಬಿಟ್ಟುಹೋದ ಈ ಕೆಲಸವನ್ನು ಅವನೂ ಅವನ ಅಕ್ಕ ತೆಗ್ವೆನ್‌ಳೂ ಸೇರಿ ನಡೆಸುತ್ತಿದ್ದರು. ಐವತ್ತಮೂರು ವರ್ಷದ ಮೈರಿಗ್, ಊರಿನವರೆದುರು ಹಲ್ಲು ಬಿಟ್ಟು ನಕ್ಕು ಮೂವತ್ತು ವರ್ಷವಾಗಿತ್ತು. ನಕ್ಕರೆ ವ್ಯಾಪಾರ ಕೆಡುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ.

ಅಂಥವನನ್ನು ಕಡಲಿಗಿಳಿಸಿದವಳು ಬಿದಿಗ್. ಕರಿದ ಮೀನಿನ ಅಂಗಡಿಯವಳು. ಅರವತ್ತು ದಾಟಿದ್ದರೂ ವಾರಕ್ಕೆ ಮೂರು ದಿನ ಕಯಾಕ್ ಎಂಬ ಒಂಟಿಯಾಳಿನ ಪುಟ್ಟ ದೋಣಿಯ ಮೇಲೆ ಕೂತು ಹೋಗಿ ಗಾಳ ಹಾಕಿ ಬರುತ್ತಿದ್ದಳು. ಏಪ್ರಿಲ್‌ನ ಒಂದು ಸಂಜೆ ಮೀನಿನ ಪೊಟ್ಟಣ ಕಟ್ಟುತ್ತ ಅವನ ಮುಖವನ್ನೇ ದಿಟ್ಟಿಸಿದಳು.

"ಬೇಜಾರು ಮಾಡ್ಕೋಬೇಡ ಮೈರಿಗ್. ಬರ್ತಾ ಬರ್ತಾ ನೀನು ನಿನ್ನ ಗಿರಾಕಿಗಳ ಹಾಗೇ ಕಾಣ್ತಿದೀಯ."

"ಯಾವ ಗಿರಾಕಿಗಳು?"

"ಮಲಗಿರೋರು."

ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮುಂದಿನ ಸೋಮವಾರವೇ ಅವನು ಮರಳ ದಂಡೆಯಲ್ಲಿ ನಿಂತಿದ್ದ. ಬಿದಿಗ್‌ಳ ಹಳದಿ ಬಣ್ಣದ ಹಳೇ ರಬ್ಬರ್ ಈಜುಡುಪಿನೊಳಗೆ ಅವನನ್ನು ತುಂಬಲು ಇಬ್ಬರೂ ಇಪ್ಪತ್ತು ನಿಮಿಷ ಹೆಣಗಿದರು. ಅವಳ ಎರಡನೇ ಕಯಾಕ್ ಕಿತ್ತಳೆ ಬಣ್ಣದ್ದು. ಒಳಗೆ ಕಾಲು ತೂರಿಸಿ ಕೂರುವಂಥದಲ್ಲ, ಹಲಗೆಯ ಮೇಲೆ ಕೂತ ಹಾಗೆ ಮೇಲೇ ಕೂರುವಂಥದು. ಅಲೆ ನುಗ್ಗಿದರೂ ನೀರು ತಳದ ತೂತುಗಳಿಂದ ತಾನಾಗಿಯೇ ಇಳಿದುಹೋಗುತ್ತದೆ.

"ತೂತಿರೋ ದೋಣೀನಾ?" ಎಂದು ಮೈರಿಗ್ ಕೇಳಿದ. ಅವನ ವೃತ್ತಿಯಲ್ಲಿ ತೂತಿರುವ ಮರದ ಸಾಮಾನನ್ನು ಯಾರೂ ಕೊಳ್ಳುತ್ತಿರಲಿಲ್ಲ.

"ಬಾಯಿ ಮುಚ್ಕೊಂಡು ಹತ್ತು. ಮೊದಲನೇ ಪಾಠ ಬೀಳೋದು."

ಆ ಪಾಠವನ್ನು ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಹುಟ್ಟು ಕೈಗೆ ಬರುವ ಮೊದಲೇ ಎಡಕ್ಕೆ ಬಿದ್ದ. ಮತ್ತೆ ಕೂರಿಸಿದರೆ ಬಲಕ್ಕೆ ಬಿದ್ದ. ಕಷ್ಟವಾದದ್ದು ಮತ್ತೆ ಮೇಲೇರುವುದು. ಎದೆಯುದ್ದ ನೀರಿನಲ್ಲಿ ಬಿದಿಗ್ ಅವನ ಪಕ್ಕ ನಿಂತು ಕೂಗುತ್ತಿದ್ದಳು: "ಕಾಲು ಬಡಿ! ಹೊಟ್ಟೆ ದೋಣಿ ಮೇಲಕ್ಕೆ! ಈಗ ಹೊರಳಿ ಕುಂಡಿ! ಆಮೇಲೆ ಕಾಲು! ಹೊಟ್ಟೆ, ಕುಂಡಿ, ಕಾಲು! ನಿನ್ನ ಪ್ರಾರ್ಥನೆ ಇದೇ ಅಂದ್ಕೋ!" ಆಕಾರದಲ್ಲಿ ಕಡಲ ಪ್ರಾಣಿ ಸೀಲಿಗೂ ಸ್ವಭಾವದಲ್ಲಿ ಸೋಫಾಕ್ಕೂ ಹತ್ತಿರವಾಗಿದ್ದ ಮೈರಿಗ್‌ಗೆ ಇದು ಮೈಗೂಡಲು ಮೂರು ವಾರ ಬೇಕಾಯಿತು.

ಎರಡನೆಯ ಪಾಠ ಕಟ್ಟುವುದು. ಹುಟ್ಟು, ಗಾಳದ ಕೋಲು, ಡಬ್ಬಿ, ಎಲ್ಲಕ್ಕೂ ಹಗ್ಗ ಬಿಗಿದು ಕಯಾಕ್‌ಗೆ ಕಟ್ಟಬೇಕು. ಕಟ್ಟದ್ದೆಲ್ಲ ಸಮುದ್ರದ ಪಾಲು. ಹಾಗೆ ಅವನ ಕನ್ನಡಕ, ಚಹಾದ ಫ್ಲಾಸ್ಕು, ಒಂದು ಚಪ್ಪಲಿ ಸಮುದ್ರದ ಪಾಲಾದವು.

ನಾಲ್ಕನೆಯ ವಾರ ಅವನ ಗಾಳಕ್ಕೆ ಒಂದು ಬಂಗುಡೆ ಬಿತ್ತು. ಹಸಿರು ಪಟ್ಟೆಯ ಆ ಪುಟ್ಟ ಮೀನು ಅವನ ಮಡಿಲಿನಲ್ಲಿ ಪಟಪಟ ಬಡಿದುಕೊಂಡಾಗ ಯಾರೋ ಗಹಗಹಿಸಿ ನಕ್ಕದ್ದು ಕೇಳಿಸಿತು. ನಕ್ಕವನು ತಾನೇ ಎಂದು ತಿಳಿದಾಗ ಮೈರಿಗ್ ಗಾಬರಿಯಿಂದ ಸುತ್ತಲೂ ನೋಡಿದ.

ಜೂನ್‌ನಲ್ಲಿ ಪಡುವಣ ಗಾಳಿ ಎದ್ದು ಮೂರು ವಾರ ಕಡಲಿಗಿಳಿಯಲು ಬಿಡಲಿಲ್ಲ. ಅದು ನಿಂತದ್ದು ಒಂದು ಗುರುವಾರ ಬೆಳಗ್ಗೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸಮುದ್ರ ಇಸ್ತ್ರಿ ಹಾಕಿ ಹಾಸಿದ ಬಟ್ಟೆಯಂತಿತ್ತು. ಆದರೆ ಅಂದೇ ಹನ್ನೊಂದಕ್ಕೆ ಇದ್ವಲ್‌ನ ಮಣ್ಣು. ಇದ್ವಲ್ ಐವತ್ತು ವರ್ಷ ಮೀನು ಹಿಡಿದವನು. ಅವನ ಹೆಂಡತಿ ಐರ್ಲಿಸ್ ಟೀಚರ್, ಮೈರಿಗ್‌ನೂ ಸೇರಿದಂತೆ ಅರ್ಧ ಊರಿಗೆ ಅಕ್ಷರ ಕಲಿಸಿದವಳು. ಇಂದಿಗೂ ಅವಳು ಎದುರು ಬಂದರೆ ಊರಿನ ಗಂಡಸರು ಜೇಬಿನಿಂದ ಕೈ ತೆಗೆಯುತ್ತಿದ್ದರು.

ಮೈರಿಗ್ ಸಮುದ್ರವನ್ನು ನೋಡಿದ. ಆಮೇಲೆ ನಿಧಾನವಾಗಿ ಸೊಂಟದ ಮೇಲೆ ಕೈ ಇಟ್ಟುಕೊಂಡ.

"ಅಯ್ಯೋ, ತೆಗ್ವೆನ್."

"ಏನಾಯ್ತೋ?"

"ಬೆನ್ನು ಹಿಡ್ಕೊಂಡ್ಬಿಡ್ತು. ಬಗ್ಗೋಕೇ ಆಗ್ತಿಲ್ಲ."

ಹುಟ್ಟಿದಾರಭ್ಯ ಸುಳ್ಳು ಹೇಳದವನ ಮೊದಲ ಸುಳ್ಳನ್ನು ಅನುಮಾನಿಸುವವರು ಯಾರು? ತೆಗ್ವೆನ್ ಬಿಸಿನೀರಿನ ಚೀಲ ತಂದುಕೊಟ್ಟಳು, ತಲೆದಿಂಬು ಸರಿಮಾಡಿದಳು. "ಮಲಕ್ಕೋ ಮರಿ, ನಾನು ನೋಡ್ಕೋತೀನಿ" ಎಂದು ಉದ್ದನೆಯ ಕರಿ ಟೋಪಿ ಹಾಕಿಕೊಂಡು ಹೊರಟಳು. ಆ 'ಮರಿ' ಎಂಬ ಮಾತು ಚುಚ್ಚಿತು. ಆದರೂ ಕಾರಿನ ಸದ್ದು ಮರೆಯಾದ ಎರಡೇ ನಿಮಿಷಕ್ಕೆ ಅವನು ಹಳದಿ ಉಡುಪಿನೊಳಗಿದ್ದ.

ಸ್ಮಶಾನ ಊರಿನ ದೊಡ್ಡ ಕೊಲ್ಲಿಯ ಮೇಲಿನ ಇಳಿಜಾರಿನಲ್ಲಿತ್ತು. ಅದಕ್ಕೇ ಅವನು ಕಡಲಿಗೆ ಚಾಚಿದ ಗುಡ್ಡದ ಮೂಗಿನಾಚೆಯ ಪುಟ್ಟ ಕೊಲ್ಲಿಯನ್ನು ಆರಿಸಿಕೊಂಡ. ಊರಿಗೆ ಊರೇ ಮಣ್ಣಿಗೆ ಹೋಗಿದ್ದರಿಂದ ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಉಡುಪಿನ ಮೇಲೆ ತೊಟ್ಟು ಬಂದಿದ್ದ ಕರಿ ಕೋಟನ್ನು ರೂಢಿಯಂತೆ ಅಚ್ಚುಕಟ್ಟಾಗಿ ಮಡಿಸಿ ಬಂಡೆಯ ಮೇಲಿಟ್ಟು ಕಿತ್ತಳೆ ಕಯಾಕಿನೊಂದಿಗೆ ನೀರಿಗಿಳಿದ. ಅರ್ಧ ಗಂಟೆಯಲ್ಲಿ ನಾಲ್ಕು ಬಂಗುಡೆ ಬಿದ್ದವು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಯಾಕಿನ ಹಿಂದುಗಡೆ ಬಿದಿಗ್ ಕೊಟ್ಟ ದಪ್ಪನೆಯ ಕೋಲೊಂದಿತ್ತು. "ನಾನಿಲ್ದೇ ಇದನ್ನ ಮುಟ್ಟಿದ್ಯೋ, ನೋಡು" ಎಂದಿದ್ದಳು. ಮೈರಿಗ್ ಅತ್ತಿತ್ತ ನೋಡಿ ಅದನ್ನು ಮುಟ್ಟಿದ. ಒಂದು ಬಂಗುಡೆಯನ್ನು ಚುಚ್ಚಿ ಆಳಕ್ಕೆ ಬಿಟ್ಟ.

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಕೋಲು ಬಿಲ್ಲಾಗಿ ಬಾಗಿತು, ಕಯಾಕ್ ಗಿರ್ರನೆ ತಿರುಗಿತು, ಮೈರಿಗ್ ಹೊರಟ. ತಾನಾಗಿ ಹೊರಟದ್ದಲ್ಲ, ಅವನನ್ನು ಏನೋ ಎಳೆದೊಯ್ಯುತ್ತಿತ್ತು. ನೀರಿನಡಿಯಲ್ಲಿ ಬೂದು ಬಣ್ಣದ, ಆಳುದ್ದದ ಶಾರ್ಕ್ ಮರಿಯೊಂದು ಗಾಡಿ ಕಟ್ಟಿದ ಕುದುರೆಯಂತೆ ಓಡುತ್ತಿತ್ತು.

"ನಿಲ್ಲೋ! ನಿಲ್ಲಪ್ಪಾ!" ಎಂದ ಮೈರಿಗ್. ಕೋಲನ್ನು ಬಿಟ್ಟುಬಿಡೋಣವೆಂದರೆ ಅದನ್ನು ಹಗ್ಗದಿಂದ ಕಯಾಕ್‌ಗೆ ಬಿಗಿದಾಗಿತ್ತು. ದಾರ ಕೊಯ್ಯೋಣವೆಂದರೆ ಚಾಕು ಕೋಟಿನ ಜೇಬಿನಲ್ಲಿತ್ತು. ಮೀನು ಗುಡ್ಡದ ಮೂಗನ್ನು ಬಳಸಿ ದೊಡ್ಡ ಕೊಲ್ಲಿಗೆ ನುಗ್ಗಿತು.

ಮೇಲೆ ಇಳಿಜಾರಿನಲ್ಲಿ ಕರಿ ಬಟ್ಟೆಯ ಸಾಲು ಕಂಡಿತು. ಪಾದ್ರಿ ಪುಸ್ತಕ ತೆರೆದಿದ್ದರು. ಮೈರಿಗ್‌ಗೆ ಹೊಳೆದದ್ದು ಒಂದೇ ಉಪಾಯ: ಅವನು ಅಂಗಾತ ಮಲಗಿಬಿಟ್ಟ. ಕಿತ್ತಳೆ ಕಯಾಕಿನ ಮೇಲೆ ಹಳದಿ ಉಡುಪಿನವನು ಮಲಗಿದರೆ ಮರೆಯಾಗುತ್ತಾನೆಯೇ? ಎದೆಯ ಮೇಲೆ ಕೋಲು ಹಿಡಿದು, ಕಣ್ಣು ಮುಚ್ಚಿ, ಅವನು ಸ್ಮಶಾನದ ಮುಂದೆ ಗಂಭೀರವಾಗಿ ಎಡದಿಂದ ಬಲಕ್ಕೆ ಹಾದುಹೋದ. ಸ್ವಲ್ಪ ಹೊತ್ತಿಗೆ ಬಲದಿಂದ ಎಡಕ್ಕೆ ಹಾದುಹೋದ. ಮೂರನೆಯ ಸಲ ಬರುವಾಗ ಪೆಟ್ಟಿಗೆ ಹೊತ್ತು ಬಂದಿದ್ದ ಆರು ಜನರ ಭುಜಗಳು ಕುಲುಕುತ್ತಿದ್ದವು. ತೆಗ್ವೆನ್ ಕರಿ ಟೋಪಿಯನ್ನು ತೆಗೆದು ಮುಖಕ್ಕೆ ಅಡ್ಡ ಹಿಡಿದಿದ್ದಳು.

ಆಗ ಐರ್ಲಿಸ್ ಟೀಚರ್‌ಳ ದನಿ ನೀರನ್ನು ಸೀಳಿಕೊಂಡು ಬಂತು.

"ಮೈರಿಗ್ ಪ್ರಿಚರ್ಡ್! ನೆಟ್ಟಗೆ ಕೂತ್ಕೋ!"

ಅವನು ಸೆಟೆದು ಕೂತ. ಕೈ ಕಟ್ಟಿಕೊಳ್ಳುವಷ್ಟರಲ್ಲಿ ಕೋಲಿನ ನೆನಪಾಯಿತು.

"ಚಾಕು ಎಲ್ಲಿ?"

"ಕೋಟಿನ ಜೇಬಲ್ಲಿ, ಟೀಚರ್!"

"ಕೋಟೆಲ್ಲಿ?"

"ದಡದಲ್ಲಿ, ಟೀಚರ್!"

"ಭೇಷ್! ದಾರ ಸುತ್ತಿರೋ ರೀಲಿನ ತಿರುಪು ಸಡಿಲ ಮಾಡು. ಎಡಕ್ಕೆ ತಿರುಗಿಸು. ಅದಲ್ವೋ, ಇನ್ನೊಂದು ಎಡ!"

ಅವನು ಇನ್ನೊಂದು ಎಡಕ್ಕೆ ತಿರುಗಿಸಿದ. ದಾರ ಕಿರ್ರೆಂದು ಬಿಚ್ಚಿಕೊಂಡು ಹೋಯಿತು, ಕೊನೆಯ ಗಂಟು ಟಪ್ಪನೆ ಕಿತ್ತಿತು, ಕಯಾಕ್ ನಿಂತಿತು. ಮೈರಿಗ್ ತಲೆ ಎತ್ತಿದರೆ ಎದುರಿಗೇ ಗುಂಡಿ, ಪೆಟ್ಟಿಗೆ, ಬಂಧುಬಳಗ. ಮೂವತ್ತು ವರ್ಷದ ಅಭ್ಯಾಸ ಅವನನ್ನು ಕೇಳಲಿಲ್ಲ. ಕೂತಲ್ಲೇ ಪಕ್ಕಕ್ಕೆ ತಿರುಗಿ, ತಲೆ ತಗ್ಗಿಸಿ, ಸೊಂಟ ಬಾಗಿಸಿ, ಸತ್ತವರಿಗೆ ಸಲ್ಲಬೇಕಾದ ವಂದನೆಯನ್ನು ಪೂರ್ತಿಯಾಗಿ ಸಲ್ಲಿಸಿದ. ಹಾಗೆ ಸಲ್ಲಿಸುತ್ತಲೇ ಮಗುಚಿಕೊಂಡ.

ಉಪ್ಪುನೀರು ಕುಡಿದು ಮೇಲೆದ್ದಾಗ ಬಿದಿಗ್ ಗುಂಡಿಯ ಅಂಚಿನಲ್ಲೇ ನಿಂತು ಅರಚುತ್ತಿದ್ದಳು: "ಹೊಟ್ಟೆ!"

ಕಾಲು ಬಡಿದು ಹೊಟ್ಟೆ ಮೇಲೇರಿಸಿದ.

"ಕುಂಡಿ!" ಎಂದರು ಈ ಸಲ, ದಂಡೆಯಿಂದ ಆ ಪಾಠ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹತ್ತಿಪ್ಪತ್ತು ಜನ. ಪಾದ್ರಿಯ ತುಟಿಯೂ ಅಲುಗಿತೆಂದು ಆಮೇಲೆ ಕೆಲವರು ಹೇಳಿದರು.

ಅವನು ಹೊರಳಿ ಕೂತ. "ಕಾಲು!" ಎಂಬುದನ್ನು ಇಡೀ ಸ್ಮಶಾನವೇ ಕೂಗಿತು. ಹುಟ್ಟಿನಿಂದಲೇ ಪ್ರಾರ್ಥನಾ ಮಂದಿರದಲ್ಲಿ ಹಾಡಿ ಬೆಳೆದ ಜನ, ಗಂಡಸರು ಕೆಳಸ್ಥಾಯಿಯಲ್ಲೂ ಹೆಂಗಸರು ಮೇಲುಸ್ಥಾಯಿಯಲ್ಲೂ ಎಳೆದರು. ಬಹಳ ಚೆನ್ನಾಗಿಯೇ ಬಂತು.

ಮಣ್ಣಿನ ನಂತರದ ಚಹಾಕ್ಕೆ ಮೈರಿಗ್ ಒದ್ದೆ ಮೈಯ ಮೇಲೇ ಕರಿ ಕೋಟು ತೊಟ್ಟು ಬಂದ. ಬಾಗಿಲಲ್ಲೇ ತೆಗ್ವೆನ್ ನಿಂತಿದ್ದಳು.

"ಬೆನ್ನು ಹೇಗಿದೆ?"

"ಪರವಾಗಿಲ್ಲ."

"ಮನೆಗೆ ಬಾ. ನಿಜವಾಗ್ಲೂ ನೋಯೋ ಹಾಗೆ ಮಾಡ್ತೀನಿ."

ಅವನು ನೇರ ಐರ್ಲಿಸ್ ಟೀಚರ್‌ಳ ಬಳಿ ಹೋದ. ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ತಪ್ಪಾಯ್ತು ಟೀಚರ್. ಬೆನ್ನುನೋವಿರಲಿಲ್ಲ. ಸುಳ್ಳು ಹೇಳ್ದೆ. ಇವತ್ತಿನ ದಿನ ಹೀಗೆ ಮಾಡ್ಬಾರದಿತ್ತು."

"ಮಾಡ್ಬಾರದಿತ್ತು" ಎಂದಳು ಅವಳು. ಆಮೇಲೆ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಅವರು ಹಾಸಿಗೆ ಹಿಡಿದು ಎಂಟು ತಿಂಗಳು ಕಣೋ. ನಾನು ನಕ್ಕು ಅಷ್ಟೇ ದಿನ ಆಗಿತ್ತು. ಗುಂಡಿ ಮುಂದೇನೇ ನಗು ಬರುತ್ತೆ ಅಂತ ನಂಗೇನು ಗೊತ್ತು? ಬಂತು, ನಕ್ಕೆ. ಕೂತ್ಕೋ. ಮೀನು ಎಷ್ಟುದ್ದ ಇತ್ತು?"

ಮೈರಿಗ್ ಕುರ್ಚಿಯ ತುದಿಯಲ್ಲಿ ಕೂತು ಎರಡು ಕೈ ಚಾಚಿ ತೋರಿಸಿದ.

"ಸುಳ್ಳು. ನಾನೂ ನೋಡಿದೀನಿ." ಅವಳು ಅವನ ಮಣಿಕಟ್ಟುಗಳನ್ನು ಹಿಡಿದು ಒಂದು ಗೇಣು ಹತ್ತಿರಕ್ಕೆ ತಂದಳು. ಆದರೆ ಕೈ ಬಿಡಲಿಲ್ಲ. ಆ ಕೈಗಳನ್ನು ನಿಧಾನವಾಗಿ ಅಗಲಿಸುತ್ತ ಹೋದಳು. ಒಂದು ಕೈ ಪಕ್ಕದವನ ಚಹಾಕ್ಕೆ ತಾಗುವವರೆಗೂ ಅಗಲಿಸಿದಳು.

"ಇದ್ವಲ್ ಆಗಿದ್ರೆ ಇಷ್ಟು ಅಂತಿದ್ರು" ಎಂದಳು. "ಹೋಗು, ಪಾದ್ರಿಗಳು ಕೇಳ್ತಿದ್ರು. ಕೈ ಇಳಿಸ್ಬೇಡ, ಹಾಗೇ ಹೋಗು."

ಕೈ ಚಾಚಿಕೊಂಡೇ ಮೈರಿಗ್ ಜನರ ನಡುವೆ ಅಡ್ಡಡ್ಡವಾಗಿ ತೂರಿ ಪಾದ್ರಿಗಳತ್ತ ಹೊರಟ.