ನಾಲ್ಕನೆಯ ಸುರುಳಿ

ಒದ್ದೆ ಕಾಗದದ ಸುರುಳಿ ಬಿಚ್ಚುತ್ತಿದ್ದ ಅವಳ ಕೈ ಅರ್ಧಕ್ಕೇ ನಿಂತುಬಿಟ್ಟಿತು. ಕಾಗದದ ಉದ್ದಕ್ಕೂ ಬಿಳಿ ಬೇರುಗಳು. ಸೂರ್ಯಕಾಂತಿ ಬೀಜಗಳು ಸಾಲಾಗಿ ಬಾಯಿ ಬಿಟ್ಟು ಬೆರಳುದ್ದದ ಬೇರು ಇಳಿಸಿದ್ದವು. ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ಸಂಖ್ಯೆ ಅವಳದೇ ಕೈಬರಹ. ಈ ಬೀಜ ಸತ್ತಿದೆಯೆಂದು ಐದು ವಾರಗಳ ಹಿಂದೆ ವರದಿ ಬರೆದು ಸಹಿ ಹಾಕಿದವಳೂ ಅವಳೇ.

ಸುರುಳಿ ಎಲ್ಲಿತ್ತೆಂದು ಕೇಳಿದ್ದಕ್ಕೆ ಕಸ ಗುಡಿಸುವಾಕೆ ಸಂಕೋಚದಿಂದಲೇ ಹೇಳಿದಳು. ನಾಲ್ಕು ಸುರುಳಿಗಳನ್ನು ಎಸೆಯಲು ಕೊಟ್ಟಿದ್ದರಂತೆ, ಮೂರಕ್ಕೇ ಬಕೆಟ್ಟು ತುಂಬಿತಂತೆ, ನಾಲ್ಕನೆಯದು ನಾರೀತೆಂದು ಫ್ರಿಜ್ಜಿನ ಮೂಲೆಗೆ ತುರುಕಿ ಮರೆತೇಬಿಟ್ಟಿದ್ದಳಂತೆ. ಈ ಸೋಮವಾರ ಫ್ರಿಜ್ಜು ತೊಳೆಯುವಾಗ ತೆಗೆದು ಕಪಾಟಿನ ಮೇಲಿಟ್ಟಿದ್ದಳು.

ತಿಂಗಳು ಪೂರ್ತಿ ತಣ್ಣಗೆ, ಒದ್ದೆಯಾಗಿ. ಆಮೇಲೆ ನಾಲ್ಕು ದಿನ ಬೆಚ್ಚಗೆ. ಬೀಜಗಳಿಗೆ ಎಚ್ಚರವಾಗಲು ಬೇಕಾಗಿದ್ದದ್ದು ಅಷ್ಟೇ.

ಬೀಜ ಪರೀಕ್ಷೆಯ ಈ ಪ್ರಯೋಗಾಲಯಕ್ಕೆ ಅವಳು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ತರಬೇತಿಗೆ ಬಂದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು: ಮೊಳೆಯದ ಬೀಜವೆಲ್ಲ ಸತ್ತ ಬೀಜವಲ್ಲ. ಚಿಮುಟದಿಂದ ಒತ್ತಿದಾಗ ಪಿಚಕ್ಕೆಂದರೆ ಸತ್ತಿದೆ. ಗಟ್ಟಿಯಾಗಿದ್ದರೆ ಬರೀ ಮಲಗಿದೆ, ಅದಕ್ಕೇ ಸುಪ್ತಾವಸ್ಥೆ ಎನ್ನುವುದು. ಆ ದಿನ ಮೇಜಿನ ಮೇಲೆ ನಲವತ್ತು ಮಾದರಿಗಳಿದ್ದವು. ಈ ಮಾದರಿಯ ನಾಲ್ಕು ಸುರುಳಿಗಳ ನಾನೂರು ಬೀಜಗಳಲ್ಲಿ ಮೊಳೆತದ್ದು ಏಳು. ನೋಡುತ್ತಲೇ ತಿಳಿಯಿತು ಎಂದುಕೊಂಡಿದ್ದಳು. ಚಿಮುಟ ಜೇಬಿನಲ್ಲೇ ಇತ್ತು.

ಆ ಬೀಜ ಮೇಷ್ಟ್ರದ್ದು. ಅವಳಿಗೆ ವಿದ್ಯೆ ಕಲಿಸಿದವರು, ಈಗ ಪಕ್ಕದ ತಳಿ ಸಂಶೋಧನಾ ತೋಟದ ಮುಖ್ಯಸ್ಥರು. ಬೇರು ಕೊಳೆಯುವ ರೋಗಕ್ಕೆ ಜಗ್ಗದ ಆ ತಳಿಯ ಹಿಂದೆ ಹನ್ನೊಂದು ವರ್ಷ ಬಿದ್ದಿದ್ದರು. ಹೋದ ವರ್ಷ ಶೀತಲ ಕೋಣೆ ಕೆಟ್ಟು ಹಳೆಯ ದಾಸ್ತಾನೆಲ್ಲ ಮುಗ್ಗಿಹೋಗಿ, ಉಳಿದ ಮುಷ್ಟಿ ಬೀಜದಿಂದ ಬೆಳೆಸಿದ ಇಪ್ಪತ್ತೆರಡು ಕೆಜಿಯೇ ಅವರ ಸರ್ವಸ್ವ. ಮರುಪರೀಕ್ಷೆ ಕೇಳಬಹುದಿತ್ತು, ಕೇಳಲಿಲ್ಲ. ಫೇಲಾದ ಬೀಜ ಬಿತ್ತನೆಗೆ ಹೋಗಬಾರದೆಂಬ ನಿಯಮದಂತೆ ಚೀಲವನ್ನು ತಾವೇ ಹೊತ್ತು ಎಣ್ಣೆ ಗಾಣಕ್ಕೆ ಕೊಟ್ಟು ಬಂದರು. ಸುಮ್ಮನೆ ಯಾಕೆ ಹಾಳು ಮಾಡೋದು ಎಂದು ಅವಳ ಮನೆಗೂ ಒಂದು ಡಬ್ಬಿ ಎಣ್ಣೆ ಕಳಿಸಿದ್ದರು. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಅವಳು ಅದನ್ನೇ ಹಾಕಿದ್ದಳು.

ಕುರ್ಚಿ ಎಳೆದು ಕೂತು, ಬೇರೇನೂ ತೋಚದೆ ಎಣಿಸಿದಳು. ನೂರಕ್ಕೆ ತೊಂಬತ್ತೊಂದು. ನಂಬಿಕೆ ಬರಲಿಲ್ಲ. ಮತ್ತೆ ಎಣಿಸಿದಳು. ತೊಂಬತ್ತೊಂದೇ.

"ಬಿಸಾಕ್ಲಾ ಮೇಡಂ?" ಕಸದಾಕೆ ಬಕೆಟ್ಟು ಹಿಡಿದು ನಿಂತಿದ್ದಳು.

ಹೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ವಿಷಯ ಬಲ್ಲವರು ಯಾರೂ ಇಲ್ಲ. ಅವಳು ಬಕೆಟ್ಟನ್ನು ಎಷ್ಟು ಹೊತ್ತು ನೋಡಿದಳೋ, ಕಸದಾಕೆ ಅದನ್ನು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಬೇಡ," ಎಂದಳು ಅವಳು.

ಸುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಕೂಸಿನಂತೆ ಎತ್ತಿಕೊಂಡು ತೋಟಕ್ಕೆ ನಡೆದಳು. ಮೇಷ್ಟ್ರು ಗಾಜಿನ ಮನೆಯಲ್ಲಿ ಖಾಲಿ ಕುಂಡಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಬೆಂಚಿನ ಮೇಲೆ ಕಾಗದ ಬಿಚ್ಚಿಟ್ಟಳು. ಅವರು ಸಂಖ್ಯೆ ಓದಿದರು. ಬೇರುಗಳನ್ನು ನೋಡಿದರು. ಮತ್ತೆ ಸಂಖ್ಯೆ ಓದಿದರು.

"ಒತ್ತಿ ನೋಡಿದ್ಯಾ?"

"ಇಲ್ಲ ಸರ್."

"ಒಂದನ್ನೂ?"

"ಒಂದನ್ನೂ ಇಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಗಾಣದವನು ಬೀಜ ಕಚ್ಚಿ ನೋಡಿ ಅಂದ, ಘಮ ಚೆನ್ನಾಗಿದೆ ಸಾರ್, ಒಳ್ಳೇ ಬೀಜ ಅಂತ. ಆಗಾದ್ರೂ ನಾಲ್ಕು ಬೀಜ ಒತ್ತಿ ನೋಡ್ಬೇಕಿತ್ತು. ನೋಡ್ಲಿಲ್ಲ," ಎಂದರು ಮೇಷ್ಟ್ರು. "ನೀನು ಹೇಳಿದ್ಯಲ್ಲ."

ತೊಂಬತ್ತೊಂದು ಸಸಿಗಳಿಂದ ಮತ್ತೆ ಅಷ್ಟು ಬೀಜ ಕೂಡಿಸಿ ಹೊಲದ ಪರೀಕ್ಷೆ ಮುಗಿಸಲು ಮೂರು ವರ್ಷ ಬೇಕು. ಅವರ ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು. ಇಬ್ಬರಿಗೂ ಅದು ಗೊತ್ತಿತ್ತು. ಮರುದಿನ ಅವಳು ತಪ್ಪೊಪ್ಪಿಕೊಂಡು ಬರೆದುಕೊಟ್ಟಳು. ವಾರದೊಳಗೆ ವರದಿಗಳಿಗೆ ಸಹಿ ಹಾಕುವ ಕೆಲಸ ಅವಳ ಕೈಕೆಳಗಿನವನ ಪಾಲಾಯಿತು. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಮೇಷ್ಟ್ರು ಪೇರಿಸಿದ್ದ ಕುಂಡಗಳನ್ನು ಮತ್ತೆ ಬಿಡಿಸಿ ನೆಲದ ಮೇಲೆ ಸಾಲಾಗಿ ಇಟ್ಟರು, ಮಣ್ಣು ತುಂಬಿದರು. ಮೊದಲ ಸಸಿ ಎತ್ತಿಕೊಂಡಾಗ ಬೇರು ಕಾಗದಕ್ಕೆ ಸಿಕ್ಕಿಕೊಂಡಿತು. ಅದನ್ನು ಮೆಲ್ಲಗೆ ಕೆಳಗಿಟ್ಟರು.

"ನೀನೇ ನೆಡು," ಎಂದರು.

ಅವಳು ಮೊಣಕಾಲೂರಿ ಒಂದೊಂದನ್ನೇ ನೆಟ್ಟಳು. ಅವರು ಹಿಂದಿನಿಂದ ಝಾರಿ ಹಿಡಿದು ನೀರು ಚಿಮುಕಿಸುತ್ತ ಬಂದರು. ಒಂದು ಸಸಿಗೆ ಬೀಜದ ಕಪ್ಪು ಸಿಪ್ಪೆ ಇನ್ನೂ ಟೋಪಿಯಂತೆ ಅಂಟಿಕೊಂಡಿತ್ತು. ಬಿಡಿಸಲೆಂದು ಅವಳು ಉಗುರು ಚಾಚಿದಳು.

"ಇರಲಿ. ತಾನಾಗೇ ಬಿಡುತ್ತೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಷ್ಟ್ರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಝಾರಿಯ ಬಾಯಿಂದ ನೀರು ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.