ಕೊಡೆಯಂಗಡಿಯ ಜೋಡಿ

ವಿಲ್ಮಾ ಮೊದಲೇ ಬೇಡವೆಂದಿದ್ದಳು. "ಸಿನಿಮಾದೋರಿಗೆ ಬೇರೆ ಏನಾದ್ರೂ ಕೊಡೋಣ ಓಟೊ. ಕೊಡೆಯಂಗಡಿ ಪ್ರಹಸನ ಮಾತ್ರ ಬೇಡ. ನಮ್ಮ ಹೊಟ್ಟೆ ಹೊರೀತಿರೋದೇ ಅದು."

"ನಿಂಗೆ ತಲೆ ಇಲ್ಲ ಕಣೆ," ಎಂದ ಗಂಡ. "ಮಾತಾಡೋ ಸಿನಿಮಾ! ಇಡೀ ದೇಶ ನೋಡುತ್ತೆ. ಆಮೇಲೆ ಥಿಯೇಟರ್‌ನೋರು ನಮ್ಮ ಬಾಗಿಲಿಗೆ ಬಂದು ನಿಲ್ತಾರೆ ನೋಡ್ತಿರು."

ಮದುವೆಯಾದ ವರ್ಷದಿಂದ ಆ ಕ್ರೆಸ್ ದಂಪತಿ ಊರೂರು ತಿರುಗಿ ಆಡುತ್ತಿದ್ದದ್ದು ಅದೊಂದೇ ಪ್ರಹಸನ. ಅವನು ಮುಂಗೋಪಿ ಗಿರಾಕಿ, ಅವಳು ಕೊಡೆ ಮಾರುವವಳು. ಬರೆದವಳೂ ಅವಳೇ. ಹೋದ ಊರಿಗೇ ಮತ್ತೆ ಹೋಗುವಷ್ಟರಲ್ಲಿ ವರ್ಷಗಳು ಕಳೆದು, ಜನ ಮಾತುಗಳನ್ನು ಮರೆತಿರುತ್ತಿದ್ದರು. ಹಾಗಾಗಿ ಹೊಸದೊಂದನ್ನು ಕಟ್ಟುವ ಅಗತ್ಯವೇ ಬಿದ್ದಿರಲಿಲ್ಲ.

ಬ್ರೂಕ್ಲಿನ್ನಿನ ಸ್ಟುಡಿಯೋದಲ್ಲಿ ಒಂದೇ ಬೆಳಗಿನಲ್ಲಿ ಚಿತ್ರೀಕರಣ ಮುಗಿಯಿತು. ಧ್ವನಿಮುದ್ರಣ ಕೆಡುತ್ತದೆ, ಯಾರೂ ನಗಕೂಡದೆಂದು ಕಟ್ಟಪ್ಪಣೆಯಾಗಿತ್ತು. ಯಂತ್ರದ ಸದ್ದು ಹೊರಬರದಂತೆ ಕ್ಯಾಮೆರಾದವನು ಗಾಜಿನ ಗೂಡಿನೊಳಗೆ ಕೂತಿದ್ದ. ನಗೆ ಕೇಳದೆ ವಿಲ್ಮಾಗೆ ಕೈಕಾಲು ಆಡಲಿಲ್ಲ. ಸ್ಮಶಾನದಲ್ಲಿ ನಿಂತು ಹಾಸ್ಯ ಮಾಡಿದ ಹಾಗಾಯಿತು. ಹತ್ತು ನಿಮಿಷದ ಆ ಚಿತ್ರ ಪೆಟ್ಟಿಗೆಯೇರಿ, ಅವರು ಕಾಲಿಡದ ಊರುಗಳನ್ನೂ ಅವರಿಗಿಂತ ಮುಂಚೆ ತಲುಪಿತು.

ಮುಂದಿನ ಬೇಸಿಗೆಯಲ್ಲಿ ಅವರು ಸ್ಕ್ರ್ಯಾಂಟನ್ನಿನಲ್ಲಿ ರಂಗ ಹತ್ತಿದರು. ಓಟೊ ಕೊಡೆಯನ್ನು ಮೇಜಿಗೆ ಕುಕ್ಕಿ, "ಏನಮ್ಮಾ, ಈ ಕೊಡೆ ಸೋರುತ್ತಲ್ಲ!" ಎಂದು ಗುಡುಗಿದ.

ವಿಲ್ಮಾ ಬಾಯಿ ತೆರೆಯುವ ಮೊದಲೇ ಮೇಲಿನ ಬಾಲ್ಕನಿಯಿಂದ ಯಾರೋ ಗಣಿ ಕೆಲಸದವನು ಕೂಗಿದ: "ಮಳೇಲಿ ಬಿಚ್ಚು ಅಂತ ನಿಂಗ್ಯಾರಯ್ಯಾ ಹೇಳಿದ್ದು?"

ಸಭೆ ಹೋ ಎಂದಿತು. ಅದು ಅವಳು ಹೇಳಬೇಕಿದ್ದ ಮಾತು; ಸಿನಿಮಾ ನೋಡಿದ್ದವರು ಆಮೇಲೆ ಅವಳ ಒಂದೊಂದು ಮಾತನ್ನೂ ತಾವೇ ಕಸಿದುಕೊಂಡು ಹೇಳಿದರು. ಅವಳು ಕೊಡೆಗಳ ನಡುವೆ ಗೊಂಬೆಯಂತೆ ನಿಂತಳು.

ಥಿಯೇಟರಿನ ಮ್ಯಾನೇಜರ್ ಪರದೆಯ ಹಿಂದೆಯೇ ಕಾದಿದ್ದ. "ಬೇಜಾರ್ ಮಾಡ್ಕೋಬೇಡಿ, ನಾಳೆಯಿಂದ ನೀವು ಬರೋದು ಬೇಡ. ನಿಮ್ಮನ್ನ ಈಗ ಫಿಲಂ ಡಬ್ಬೀಲಿ ತರಿಸ್ಕೋಬಹುದು. ಡಬ್ಬೀಲಿರೋ ನೀವು ರೈಲು ತಪ್ಪಿಸ್ಕೊಳಲ್ಲ, ರೂಮು ಸರಿಯಿಲ್ಲ ಅಂತ ಜಗಳಾನೂ ಆಡಲ್ಲ."

ವಿಲ್ಮಾ ಹೊಸ ಪ್ರಹಸನ ಬರೆದಳು. ಅವರಿಗೆ ಪ್ರದರ್ಶನ ಗೊತ್ತುಮಾಡುತ್ತಿದ್ದ ಏಜೆಂಟ್ ಅದನ್ನು ಓದಲೂ ಇಲ್ಲ. ಕೊಡೆಯಂಗಡಿಯ ಜೋಡಿಯಾಗಿ ಅಲ್ಲದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವಳು ನ್ಯೂಯಾರ್ಕಿನ ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ನಿಂತಳು. ಓಟೊ ಕೆಲಸ ಹುಡುಕುತ್ತೇನೆಂದು ಹೊರಟು, ತಮ್ಮ ಚಿತ್ರ ಯಾವ ಮೂಲೆಯ ಟಾಕೀಸಿನಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತಿದ್ದ.

ಒಂದು ಮಧ್ಯಾಹ್ನ ಅವಳು ಹುಡುಕಿಕೊಂಡು ಹೋದಳು. ಖಾಲಿ ಕುರ್ಚಿಗಳ ನಡುವೆ ಅವನೊಬ್ಬನೇ ನಗುತ್ತಿದ್ದ. ಪಕ್ಕದಲ್ಲಿ ಕೂತಳು.

"ನಾನು ಟ್ರೆಂಟನ್‌ಗೆ ಅಕ್ಕನ ಮನೆಗೆ ಹೋಗ್ತಿದೀನಿ ಓಟೊ. ಬರ್ತೀಯಾ?"

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಶ್... ತಡಿಯೇ, ಈಗ ನಾನು ಬರೋ ಹೊತ್ತು."

ವಿಲ್ಮಾ ತಡೆಯಲಿಲ್ಲ. ಅದೇ ಸಂಜೆಯ ರೈಲಿನಲ್ಲಿ ಟ್ರೆಂಟನ್‌ಗೆ ಹೋದಳು. ಅಲ್ಲಿ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಅಂಚು ಬಳಿಯುವ ಕೆಲಸ ಸಿಕ್ಕಿತು. ಓಟೊ ಅವಳನ್ನು ಹುಡುಕಿಕೊಂಡು ಬರಲಿಲ್ಲ. ಅವಳೂ ಬಾ ಎಂದು ಹೇಳಿಕಳಿಸಲಿಲ್ಲ.